ಲಿಫ್ಟಣ್ಣನ ಬೈಕಿನ ಹಿಂದಿನ ಸೀಟು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ಸಂಬಳ ಕೊಡುವ ಕಂಪನಿಗೆ ಮಾತ್ರ. ಉಳಿದವರಿಗೆಲ್ಲ ಅವನು ಲಿಫ್ಟಣ್ಣ. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ಹೋಗಿ ರಿಪೇರಿ ಮಾಡುವುದು ಅವನ ಕೆಲಸ. ಮಾತು ಕಡಿಮೆ, ಕೈ ಚುರುಕು. ಅವನಿಗಿದ್ದ ಶೋಕಿ ಒಂದೇ, ಅವನ ಕಪ್ಪು ಬೈಕು.

ಬೈಕನ್ನು ಕೊಂಡ ಹೊಸದರಲ್ಲೇ ಅದರ ಮೈಮೇಲಿದ್ದ ಅರ್ಧ ಸಾಮಾನನ್ನು ಕಳಚಿ ಹಾಕಿದ್ದ. ಹಿಂದಿನ ಹಿಡಿಕೆ ಹೋಯಿತು, ಮಡ್‌ಗಾರ್ಡ್ ಗಿಡ್ಡವಾಯಿತು, ಸೀಟು ಅಂಗೈಯಷ್ಟಾಯಿತು. ಯಾರಾದರೂ ಮುಂದೆ ಕಾಲು ಕಾಯುವ ಗಾರ್ಡ್ ಹಾಕಿಸು ಎಂದರೆ ಮೂಗು ಮುರಿಯುತ್ತಿದ್ದ. "ಗಾಡಿ ಅಂದ್ರೆ ಇಂಜಿನ್ನು, ಎರಡು ಚಕ್ರ. ಮಿಕ್ಕಿದ್ದೆಲ್ಲ ಕೊಬ್ಬು" ಅನ್ನುವುದು ಅವನ ವಾದ. ಭಾನುವಾರ ಬೆಳಿಗ್ಗೆ ಜೊತೆಗೆ ಬೈಕು ಓಡಿಸುವ ಗೆಳೆಯರೂ ಅದೇ ಜಾತಿಯವರು. ಗಾಡಿಗೆ ಗಾಜು, ಡಬ್ಬ, ಬೇಲಿ ಕಟ್ಟಿಸಿಕೊಂಡವರನ್ನು ಕಂಡರೆ "ಮನೆ ಸಾಮಾನು ಸಾಗಿಸ್ತಿದಾನೆ ನೋಡು" ಎಂದು ನಗುತ್ತಿದ್ದರು.

ಅವನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡದ್ದು ಇಂಥ ಕಾಲದಲ್ಲಿ. ಆಪರೇಷನ್ ಆಯಿತು. ಚೇತರಿಸಿಕೊಳ್ಳಲಿ ಎಂದು ಹೆಂಡತಿ ತನ್ನ ತಾಯಿಯನ್ನು ಮನೆಗೆ ಕರೆತಂದಳು. ಲಿಫ್ಟಣ್ಣ ಮುಂದಿನ ಕೋಣೆ ಬಿಟ್ಟುಕೊಟ್ಟ, ಗೋಡೆಗೆ ಹಿಡಿಕೆ ಬಡಿದ, ಮಂಚ ಎತ್ತರಿಸಿದ. ಆದರೆ ಮಾತಿಲ್ಲ. ಹೆಣ್ಣು ಕೇಳಲು ಹೋದಾಗ ಈ ಅತ್ತೆ "ಹಗ್ಗಕ್ಕೆ ನೇತಾಡೋ ಕೆಲಸದವನಿಗೆ ನನ್ನ ಮಗಳನ್ನ ಕೊಡೋದಾ?" ಎಂದು ಎಲ್ಲರೆದುರಿಗೆ ಕೇಳಿದ್ದಳು. ಮಗಳು ಹಟ ಹಿಡಿದದ್ದರಿಂದ ಮದುವೆಯೇನೋ ಆಯಿತು. ಆ ಮಾತು ಮಾತ್ರ ಇಬ್ಬರ ನಡುವೆ ಹಾಗೇ ಕೂತಿತ್ತು. ಅತ್ತೆಗೆ ಏನಾದರೂ ಬೇಕಾದರೆ ಅಳಿಯ ಎದುರಿಗೇ ನಿಂತಿದ್ದರೂ "ನಿನ್ನ ಗಂಡನಿಗೆ ಹೇಳು" ಎಂದು ಮಗಳಿಗೆ ಹೇಳುವಳು. ಮಗಳು "ಕೇಳಿಸ್ತಲ್ಲ?" ಎನ್ನುವಳು. ಅವನು ಎದ್ದು ಹೋಗಿ ತರುವನು.

ವಾರಕ್ಕೆ ಮೂರು ಬೆಳಿಗ್ಗೆ ಅವಳನ್ನು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಕರೆದೊಯ್ಯಬೇಕಿತ್ತು. ಹೆಂಡತಿ ಔಷಧಿ ಅಂಗಡಿಯ ಬೆಳಗಿನ ಪಾಳಿಯವಳು, ಹಾಗಾಗಿ ಈ ಕೆಲಸ ಅಳಿಯನ ಹೆಗಲಿಗೆ ಬಿತ್ತು. ಬಾಡಿಗೆ ಕಾರು ಕರೆಸಿದ. ಅತ್ತೆಗೆ ಮುಚ್ಚಿದ ಗಾಡಿ ಆಗುವುದಿಲ್ಲ ಎಂದು ಎರಡನೇ ತಿರುವಿನಲ್ಲೇ ಗೊತ್ತಾಯಿತು. ವಾಂತಿ ಮಾಡಿಕೊಂಡು ಆಸ್ಪತ್ರೆ ತಲುಪುವಷ್ಟರಲ್ಲಿ ಅವಳು ಹಿಂಡಿದ ಬಟ್ಟೆಯಂತಾಗಿದ್ದಳು. ವ್ಯಾಯಾಮ ಎಲ್ಲಿಂದ ಬರಬೇಕು? ಕಿಟಕಿ ತೆಗೆದರೂ ಅಷ್ಟೆ, ಮುಂದೆ ಕೂರಿಸಿದರೂ ಅಷ್ಟೆ. ಕೆಲವು ವಾರ ಹೀಗೇ ಕಳೆದ ಮೇಲೆ ಅತ್ತೆ ಮಗಳಿಗೆ, "ನಿನ್ನ ಗಂಡನ ಬೈಕಲ್ಲಿ ಹೋಗ್ತೀನಿ. ಇಲ್ಲಾಂದ್ರೆ ಹೋಗೋದೇ ಇಲ್ಲ" ಅಂದುಬಿಟ್ಟಳು.

ವ್ಯಾಯಾಮ ಹೇಳಿಕೊಡುವ ಹೆಂಗಸು ಮೊದಲು ತಲೆಯ ಮೇಲೆ ಕೈ ಹೊತ್ತಳು. ಡಾಕ್ಟರನ್ನು ಕೇಳಿ ಬಂದ ಮೇಲೆ ಒಪ್ಪಿದಳು, ಷರತ್ತಿನ ಮೇಲೆ. "ಕಾಲು ಅಗಲಿಸಿ ಕೂರೋ ಹಾಗಿಲ್ಲ. ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಬೆನ್ನಿಗೆ ಆಸರೆ ಇರಬೇಕು. ನಡೆಯೋ ಹಾಗೆ ನಿಧಾನ ಓಡಿಸಬೇಕು. ಇನ್ನು ಬೀಳೋದಂತೂ..."

"ಬೀಳಿಸಲ್ಲ" ಅಂದ ಲಿಫ್ಟಣ್ಣ.

ಸಂಜೆ ಬೈಕಿನ ಬಿಡಿಭಾಗಗಳ ಅಂಗಡಿಗೆ ಹೋದ. ಅಂಗಡಿಯವನಿಗೆ ಇವನ ಹುಚ್ಚು ಗೊತ್ತಿತ್ತು. ಕಾಲು ಕಾಯುವ ಗಾರ್ಡ್, ಮುಂದಿನ ಗಾಳಿ ತಡೆಯುವ ಗಾಜು, ಹ್ಯಾಂಡಲ್ಲಿನ ತುದಿಗೆ ಕೈ ಕಾಯುವ ಗಾರ್ಡ್, ಅಗಲವಾದ ಸೀಟು ಎಂದು ಇವನು ಕೇಳುತ್ತ ಹೋದಂತೆ ಅವನ ಹುಬ್ಬು ಮೇಲೇರುತ್ತ ಹೋಯಿತು.

"ಏನಣ್ಣ, ಗಾಡಿಗೆ ಮದುವೆ ಗೊತ್ತಾಯ್ತಾ?"

"ಅತ್ತೆಗೆ."

"ಅತ್ತೆಗೆ ಮದುವೆನಾ?"

ಲಿಫ್ಟಣ್ಣನಿಗೂ ನಗು ಬಂತು.

ಹಿಂದೆ ಬೆನ್ನಿಗೆ ಒರಗುವ ದಿಂಬು ಅಂಗಡಿಯಲ್ಲಿ ಸಿಗುತ್ತಿತ್ತು. ಅದು ನೇರ ಕೂರುವವರಿಗೆ. ಎರಡೂ ಕಾಲು ಎಡಕ್ಕೆ ಬಿಟ್ಟು ಕೂರುವವರ ಬೆನ್ನು ಬಲಕ್ಕೆ ಬರುತ್ತದಲ್ಲ, ಅದಕ್ಕೆ ಯಾರೂ ಏನೂ ಮಾಡಿರಲಿಲ್ಲ. ಕಬ್ಬಿಣದ ಪೈಪು ಬಗ್ಗಿಸಿ, ಸೀಟಿನ ಹಿಂಭಾಗ ಮತ್ತು ಬಲಭಾಗ ಎರಡನ್ನೂ ಸುತ್ತುವರಿಯುವ ಕಟಕಟೆಯೊಂದನ್ನು ವೆಲ್ಡಿಂಗ್ ಮಾಡುವವನ ಪಕ್ಕದಲ್ಲೇ ನಿಂತು ಮಾಡಿಸಿದ. ಎಡಗಡೆಗೆ ಎರಡೂ ಪಾದ ಊರುವಷ್ಟು ಉದ್ದದ ಹಲಗೆ. ಬೈಕಿನ ಚೌಕಟ್ಟಿಗೆ ಡ್ರಿಲ್ ತಾಗಿದಾಗ ತನ್ನ ಹಲ್ಲಿಗೇ ತಾಗಿದಂತೆ ಮುಖ ಕಿವುಚಿದ. ಎಲ್ಲ ಆದ ಮೇಲೆ ದೂರ ನಿಂತು ನೋಡಿದ. ಅವನ ಬೈಕು ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಕಟಕಟೆ ಕಟ್ಟಿಕೊಂಡ ಯಾವುದೋ ಪ್ರಾಣಿ ನಿಂತಿತ್ತು.

ಮೊದಲ ದಿನ ಅತ್ತೆಗೆ ಹೆಲ್ಮೆಟ್ ಹಾಕಿ, ಮೆಟ್ಟಿಲ ಮೇಲಿಂದಲೇ ಸೀಟಿಗೆ ಜರುಗಿಸಿ ಕೂರಿಸಿದ. ಸೈಕಲ್ಲುಗಳು ಅವರನ್ನು ಹಿಂದೆ ಹಾಕಿ ಹೋದವು. ವಾಂತಿಯಾಗಲಿಲ್ಲ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ಅತ್ತೆಯ ಮುಖ ಹಿಂಡಿಕೊಂಡಿತ್ತು. ಮೊದಲ ಸಲ ಅವನನ್ನೇ ನೋಡಿ ಮಾತಾಡಿದಳು.

"ಈ ಸೀಟು ಯಾರು ಮಾಡಿದ್ದು?"

"ಅಂಗಡಿದು. ತುಂಬ ಮೆತ್ತಗಿರೋದೇ ಬೇಕು ಅಂತ ತಂದೆ."

"ಅದೇ ತಪ್ಪು. ಮೆತ್ತಗಿರೋ ಸ್ಪಂಜು ಹತ್ತು ನಿಮಿಷ ಸುಖ. ಆಮೇಲೆ ಕೂತಿರೋದು ತಗಡಿನ ಮೇಲೆ. ಸಂಜೆ ಬಿಚ್ಚಿ ಒಳಗೆ ತನ್ನಿ."

ಅತ್ತೆ ವಯಸ್ಸೆಲ್ಲ ಸೋಫಾ ಮಾಡುವ ಕಾರ್ಖಾನೆಯಲ್ಲಿ ಸ್ಪಂಜು ಕತ್ತರಿಸಿ ಕಳೆದವಳು. ಇದು ಅವನಿಗೆ ಗೊತ್ತಿತ್ತು, ಆದರೆ ಎಂದೂ ತಲೆಗೆ ಹಾಕಿಕೊಂಡಿರಲಿಲ್ಲ. ಅಂದು ಸಂಜೆ ಊಟದ ಮೇಜಿನ ಮೇಲೆ ಸೀಟು ಬಂತು. ಅವಳು ಹೇಳಿದ ಗಟ್ಟಿ ಸ್ಪಂಜನ್ನು ಅವನು ಹುಡುಕಿ ತಂದ. ಸೋಪಿನ ನೀರಲ್ಲಿ ಅದ್ದಿದ ಉದ್ದನೆಯ ಚಾಕುವಿನಿಂದ ಅವಳು ಕುಯ್ಯುತ್ತಿದ್ದರೆ ಗೆರೆ ಹೊಡೆದಷ್ಟು ನೇರವಾಗಿ ಬರುತ್ತಿತ್ತು. ಕೆಳಗೆ ಗಟ್ಟಿ ಪದರ, ಮೇಲೆ ತೆಳುವಾಗಿ ಮೆತ್ತನೆಯದು. ಎಡ ಅಂಚನ್ನು ಇಳಿಜಾರಾಗಿ ಕೆತ್ತಿದಳು, ತೊಡೆ ಕೆಳಮುಖವಾಗಿರಲಿ ಎಂದು. ಅಂಟು ಹಚ್ಚಿದ ಮೇಲೆ ಒತ್ತಿ ಹಿಡಿಯುವುದು ಅಳಿಯನ ಕೆಲಸವಾಯಿತು. ಕೈ ತೆಗೆಯುವಂತಿಲ್ಲ, ಎದ್ದು ಹೋಗುವಂತಿಲ್ಲ.

ಅತ್ತೆ ಕೇಳಿದಳು, "ಲಿಫ್ಟಿನ ಹಗ್ಗ ತುಂಡಾದ್ರೆ ಏನಾಗತ್ತೆ?"

"ಒಂದಲ್ಲ, ನಾಲ್ಕೈದು ಹಗ್ಗ ಇರತ್ತೆ. ಅಷ್ಟೂ ಹೋದ್ರೂ ಬೀಳಲ್ಲ. ಲಿಫ್ಟು ಲೆಕ್ಕ ಮೀರಿ ಜೋರಾಗಿ ಇಳಿದ್ರೆ ಕೆಳಗಿರೋ ಇಕ್ಕಳ ತಾನೇ ಪಕ್ಕದ ಕಂಬೀನ ಕಚ್ಚಿಕೊಳ್ಳತ್ತೆ. ಅಲ್ಲೇ ನಿಂತುಬಿಡತ್ತೆ."

"ಮೇಲೆ ಕೆಲಸ ಮಾಡೋನಿಗೆ?"

"ನನಗೆ ಬೆಲ್ಟ್ ಇರತ್ತೆ, ಅತ್ತೆ. ಹಾಕದೆ ಯಾವತ್ತೂ ಹತ್ತಿಲ್ಲ."

ಅವಳು ಚಾಕು ಒರೆಸಿಟ್ಟಳು. "ಇದನ್ನ ಆವತ್ತೇ ಹೇಳಿದ್ರೆ ನಾನು ಬಾಯಿ ಮುಚ್ಕೊಂಡಿರ್ತಿದ್ದೆ."

"ನೀವು ಕೇಳಲಿಲ್ವಲ್ಲ."

ಅಡುಗೆಮನೆಯಲ್ಲಿದ್ದ ಮಗಳು ನಲ್ಲಿ ನಿಲ್ಲಿಸಿ ಕಿವಿಗೊಟ್ಟು ನಿಂತಳು.

ಹೊಸ ಸೀಟು ಚೆನ್ನಾಗಿ ಹೊಂದಿತು. ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಹಿಂದಿರುಗುತ್ತಿದ್ದಾಗ ರಸ್ತೆ ಬದಿಗೆ ನಿಂತಿದ್ದ ಕಾರಿನ ಬಾಗಿಲು ದಿಢೀರನೆ ತೆರೆಯಿತು. ಲಿಫ್ಟಣ್ಣ ಬ್ರೇಕು ಹಿಡಿದ. ಬಾಗಿಲಿನ ಅಂಚು ಎಡಗೈ ಗಾರ್ಡಿಗೆ ಟಪ್ಪನೆ ಬಡಿಯಿತು, ಹ್ಯಾಂಡಲ್ಲು ತಿರುಗಿತು, ಬೈಕು ಬಲಕ್ಕೆ ವಾಲಿತು. ಕಾಲೂರಿ ತಡೆಯಲು ನೋಡಿದ, ಆಗಲಿಲ್ಲ. ಇಡೀ ಗಾಡಿ ನಿಧಾನವಾಗಿ ಮಲಗಿತು.

ಕಾಲು ಗಾರ್ಡು ಮುಂದೆ, ಕಟಕಟೆ ಹಿಂದೆ ನೆಲಕ್ಕೆ ಊರಿ ನಿಂತಿದ್ದವು. ಅವನ ಮೊಣಕಾಲು ನಡುವಿನ ಸಂದಿಯಲ್ಲಿ ಹಾಗೇ ಉಳಿದಿತ್ತು, ಚರ್ಮ ಕೂಡ ತರಚಿರಲಿಲ್ಲ. ಎದ್ದು ತಿರುಗಿ ನೋಡಿದರೆ ಅತ್ತೆ ಕಟಕಟೆಗೆ ಬೆನ್ನು ಕೊಟ್ಟು, ಎರಡೂ ಕಾಲು ಮೇಲೆ ಮಾಡಿ, ಆರಾಮ ಕುರ್ಚಿಯಲ್ಲಿ ಒರಗಿದವಳಂತೆ ಆಕಾಶ ನೋಡುತ್ತಿದ್ದಳು.

"ಈಗ ಏಳಬಹುದಾ, ಇನ್ನೂ ಇದೆಯಾ?" ಎಂದು ಕೇಳಿದಳು.

ಕಾರಿನವನೂ ದಾರಿಹೋಕರಿಬ್ಬರೂ ಸೇರಿ ಅವಳನ್ನು ಜೋಪಾನವಾಗಿ ಎತ್ತಿದರು. ಕಾರಿನವನು ಮಾತು ಮಾತಿಗೆ ಕ್ಷಮೆ ಕೇಳಿದ. ಅತ್ತೆ ಅವನಿಗೆ ಬಾಗಿಲು ತೆರೆಯುವ ಮುಂಚೆ ಹಿಂದಿನ ಕನ್ನಡಿ ನೋಡುವುದನ್ನು ಕಲಿಸತೊಡಗಿದಳು. ಲಿಫ್ಟಣ್ಣ ಬೈಕನ್ನು ಎತ್ತಿ ನಿಲ್ಲಿಸಿ ಫುಟ್‌ಪಾತಿನ ಮೇಲೆ ಕೂತುಬಿಟ್ಟ. ಆಸ್ಪತ್ರೆಗೆ ವಾಪಸು ಹೋಗಿ ಎಕ್ಸ್‌ರೇ ತೆಗೆಸಿದರು. ಕೀಲು ಇದ್ದ ಹಾಗೇ ಇತ್ತು. ವ್ಯಾಯಾಮದ ಹೆಂಗಸು ಹೊರಗೆ ಬಂದು ಬೈಕಿನ ಸುತ್ತ ಒಂದು ಸುತ್ತು ಹಾಕಿ, "ಬೀಳಿಸಲ್ಲ ಅಂದಿದ್ರಿ" ಅಂದಳು. ಅವನ ಬದಲು ಅತ್ತೆ ಉತ್ತರ ಕೊಟ್ಟಳು. "ಬೀಳಿಸಲಿಲ್ಲ. ಮಲಗಿಸಿದ್ರು."

ಸುದ್ದಿ ಭಾನುವಾರದ ಗೆಳೆಯರಿಗೂ ಮುಟ್ಟಿತು. ಅಷ್ಟು ದಿನ ಆಡಿಕೊಂಡಿದ್ದವರಲ್ಲಿ ಒಬ್ಬ ಮೆಲ್ಲಗೆ ಬದಿಗೆ ಕರೆದು, ಬೆನ್ನು ನೋವು ತಡೆಯೋಕಾಗ್ತಿಲ್ಲ, ನಿಮ್ಮತ್ತೆ ಒಂದು ಸೀಟು ಕೆತ್ತಿ ಕೊಡ್ತಾರಾ ಎಂದು ಕೇಳಿದ. ಅತ್ತೆ ಕೆತ್ತಿ ಕೊಟ್ಟಳು. ಅವನ ಹಿಂದೆ ಇನ್ನೊಬ್ಬ ಬಂದ. ಅವಳು ಪ್ರತಿಯೊಬ್ಬನನ್ನೂ ಕುರ್ಚಿ ಮೇಲೆ ಕೂರಿಸಿ, ಎಲ್ಲಿ ನೋವು, ಎಷ್ಟು ದೂರ ಓಡಿಸ್ತೀಯ, ಹಿಂದೆ ಯಾರು ಕೂರ್ತಾರೆ ಎಂದು ಡಾಕ್ಟರಂತೆ ವಿಚಾರಿಸುವಳು. ಕೋಲು ಬಿಟ್ಟು ನಡೆಯುವಂತಾದ ಮೇಲೆ ತನ್ನ ಮನೆಗೆ ಹೊರಟಳು. ಬಿಡಿಭಾಗಗಳ ಅಂಗಡಿಯವನು ಕೆತ್ತಿಸಲು ಸೀಟುಗಳನ್ನು ಅಲ್ಲಿಗೇ ಕಳಿಸತೊಡಗಿದ.

ಅವಳು ಹೋದ ಮೇಲೆ ಲಿಫ್ಟಣ್ಣ ಸ್ಪ್ಯಾನರ್ ಹಿಡಿದು ಬೈಕಿನ ಮುಂದೆ ಕೂತ. ಕಟಕಟೆಯ ಬಲಭಾಗವನ್ನು ಬಿಚ್ಚಿದ, ಉದ್ದದ ಹಲಗೆಯನ್ನೂ ಬಿಚ್ಚಿದ. ಗಾರ್ಡುಗಳ ತನಕ ಕೈ ಹೋಯಿತು, ಮುಂದಕ್ಕೆ ಹೋಗಲಿಲ್ಲ. ಗಾಜನ್ನು ಒರೆಸಿ ಎದ್ದ. ಹೆಂಡತಿಯನ್ನು ಕರೆದು ಸಂತೆಗೆ ಹೋಗಿ ಬರೋಣ ಅಂದ. ಅವಳು ಹಿಂದೆ ಹತ್ತಿ ಕೂತಳು. ಬೀದಿಯ ಕೊನೆ ಮುಟ್ಟುವುದರೊಳಗೆ ದೂರು ಶುರುವಾಯಿತು.

"ರೀ, ನಾನು ಎಡಕ್ಕೇ ಜಾರ್ತಿದೀನಿ."

ಸೀಟು ಅವಳ ತಾಯಿಯ ಸೊಂಟದ ಅಳತೆಗೆ ಕೆತ್ತಿದ್ದು. ಬೈಕು ನಿಲ್ಲಿಸಿ ಅತ್ತೆಗೆ ಫೋನ್ ಮಾಡಿದ.

"ಅಳತೆ ಫೋನಲ್ಲಿ ಆಗಲ್ಲ. ಇಬ್ಬರೂ ಬನ್ನಿ, ಈಗಲೇ ಬನ್ನಿ" ಅಂದಳು ಅತ್ತೆ.

ಸಂತೆಗೆ ಹೊರಟವರು ಹಾಗೇ ಅತ್ತೆಮನೆಯ ದಾರಿ ಹಿಡಿದರು. ಹೆಂಡತಿ ದಾರಿಯುದ್ದಕ್ಕೂ ಗಂಡನ ಬಲ ಭುಜವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.