ಕಲಿಸದೆ ಬಿಟ್ಟು ಬಂದ ಒಂದು ಕೆಲಸ

ನಾನು ಕಲಿತವಳಲ್ಲ. ಎರಡನೇ ಇಯತ್ತೆಗೆ ಸಾಲೆ ಬಿಟ್ಟೆ. ಬೀದರಿನ ಒಂದು ದವಾಖಾನೆಯ ಹೆಂಗಸರ ವಾರ್ಡಿನಲ್ಲಿ ಹನ್ನೆರಡು ವರ್ಷ ನರ್ಸಿನ ಕೆಲಸ ಮಾಡಿದೆ. ಕೆಲಸ ಕೈಗೆ ಬಂದದ್ದು ಮಾಡಿ ಮಾಡಿ, ಪುಸ್ತಕ ಓದಿ ಅಲ್ಲ. ನಿಜಾಮರ ಕಾಲದಲ್ಲಿ ಸೇರಿದವಳು, ಹಿಂದೂಸ್ತಾನದ ಫೌಜು ಬಂದು ಪೊಲೀಸ್ ಆಕ್ಷನ್ ಆದ ಮರುವರ್ಷ ಬಿಟ್ಟೆ.

ಅಲ್ಲಿ ಲೇಡಿ ಡಾಕ್ಟರು ಇರಲಿಲ್ಲ. ಒಬ್ಬ ಮುದುಕ ಡಾಕ್ಟರು ಇದ್ದರು. ಪರದೆಯ ಹೆಂಗಸರು ಹೆರಿಗೆಗೆ ಬಂದರೆ ನಡುವೆ ಬಟ್ಟೆ ಕಟ್ಟುತ್ತಿದ್ದೆವು. ಡಾಕ್ಟರು ಆಚೆ ಕೂತು ಕೇಳುವರು, ನಾನು ಈಚೆ ಹೊಟ್ಟೆ ಮುಟ್ಟಿ ಹೇಳುವೆ. ಮುಖವಷ್ಟೇ ಅಲ್ಲ, ದನಿಯೂ ಪರಗಂಡಸಿಗೆ ಕೇಳಬಾರದೆಂದು ಆ ಹೆಂಗಸರು ಬಾಯಿ ಬಿಡುತ್ತಿರಲಿಲ್ಲ. ಹೆರುವಾಗಲೂ ಬಟ್ಟೆ ಕಚ್ಚಿಕೊಂಡು ಮಲಗುವರು. ಅದಕ್ಕೇ ನಮ್ಮೊಳಗೆ ಒಂದು ರೀತಿ ಬೆಳೆದಿತ್ತು. ಅವರು ನನ್ನ ಮುಂಗೈ ಒತ್ತುವರು. ಒಂದು ಸಲ ಒತ್ತಿದರೆ ತಡೆಯುವಂಥ ನೋವು. ಎರಡು ಸಲ ಒತ್ತಿದರೆ ಜೋರು. ಬಿಡದೆ ಹಿಡಿದುಕೊಂಡರೆ ಒಳಗೆ ಏನೋ ಕೆಟ್ಟಿದೆ, ಡಾಕ್ಟರು ಈಗಲೇ ಬರಲಿ, ಪರದೆ ಹೋದರೆ ಹೋಗಲಿ ಎಂದು. ಇಲ್ಲಿ ಹೆತ್ತು ಹೋದ ಹೆಂಗಸರು ಹೆರಲು ಬರುವವರಿಗೆ ಇದನ್ನು ಮನೆಯಲ್ಲೇ ಹೇಳಿ ಕಳಿಸುತ್ತಿದ್ದರು. ಡಾಕ್ಟರಿಗೆ ಗೊತ್ತಿರಲಿಲ್ಲ. ಈಕೆ ಹೊಟ್ಟೆ ಮುಟ್ಟಿದರೆ ಎಲ್ಲ ತಿಳಿಯುತ್ತದೆ ಎಂದು ಹೊಗಳುವರು. ನಾನು ಸುಮ್ಮನೆ ಹೊಗಳಿಸಿಕೊಂಡೆ.

ಹೊಸ ಸರ್ಕಾರದ ಹುಕುಂ ಬಂತು. ಔರಾದ ಕಡೆಯ ಹಳ್ಳಿಗಳಲ್ಲಿ ತಿರುಗಿ ಸೂಲಗಿತ್ತಿಯರಿಗೆ ಕೆಲಸ ಕಲಿಸಬೇಕು. ಇರಲು ಒಂದು ಖೋಲಿ ಕೊಡುತ್ತಾರೆ. ಹನ್ನೆರಡು ವರ್ಷ ಮಂದಿಯ ಹೊಲಸು ಬಳಿದವಳಿಗೆ ಕಲಿಸುವವಳು ಅನ್ನಿಸಿಕೊಳ್ಳುವ ಆಸೆ ಇತ್ತು. ಹೂಂ ಅಂದೆ.

ನನ್ನ ಜಾಗಕ್ಕೆ ಭಾಲ್ಕಿಯಿಂದ ಬಂದವಳು ಗಂಡ ಸತ್ತವಳು, ಮೂವತ್ತರ ಹತ್ತಿರದವಳು. ಹದಿನೈದು ದಿನ ಬೆನ್ನಿಗೆ ನಿಂತು ಕಲಿಸಿದೆ.

"ಕೈ ತೊಳಿ. ಇನ್ನೊಮ್ಮಿ ತೊಳಿ. ನಿನ್ನ ಅತ್ತಿ ನೋಡ್ಲಾಕತ್ತಾಳ ಅಂತ ತಿಳಕೊಂಡು ತೊಳಿ."

"ನಮ್ಮತ್ತಿ ನೋಡಿದ್ರ ನೀರ್ ಯಾಕ ಇಷ್ಟು ಚೆಲ್ಲಿದಿ ಅಂತ ಬೈತಾಳ್ರಿ ಅಕ್ಕಾ."

ಕತ್ತರಿ ಕುದಿಸುವುದು, ಹೊಕ್ಕಳು ಕಟ್ಟುವುದು, ಕೂಸು ಅಳದಿದ್ದರೆ ಏನು ಮಾಡುವುದು, ಎಲ್ಲ ಹೇಳಿದೆ. ಮುಂಗೈಯ ಮಾತೊಂದು ಹೇಳಲಿಲ್ಲ. ಮರೆತದ್ದಲ್ಲ. ನಾನು ಹೋದ ಮೇಲೆ ಕೆಲಸ ಸ್ವಲ್ಪ ಎಡವಲಿ, ಆಕೆ ಇದ್ದಾಗ ಚೆಂದಿತ್ತು ಎಂದು ಡಾಕ್ಟರು ಅನ್ನಲಿ ಅಂತ ಬಿಟ್ಟೆ.

ಹೊರಡುವ ಹಿಂದಿನ ದಿನ ನೌಬಾದದಿಂದ ಒಬ್ಬ ತಾಯಿ ಬಸುರಿ ಮಗಳನ್ನು ಕರೆದುಕೊಂಡು ಬಂದಳು. ಮಗಳನ್ನು ಭಾಲ್ಕಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಆಕೆಯ ಗಂಡನನ್ನು ಕೊಂದರು. ಆಗ ಈಕೆಗೆ ಎರಡು ತಿಂಗಳು ತುಂಬಿತ್ತು. ಮೊದಲು ಹಿಂದೂಗಳು, ನಮ್ಮವರು, ಊರು ಬಿಟ್ಟು ಓಡಿದ್ದರು, ಆಮೇಲೆ ಮುಸಲ್ಮಾನರ ಸರದಿ ಬಂತು. ಎರಡನ್ನೂ ನೋಡಿದವಳು ನಾನು. ಎರಡೂ ಒಂದೇ.

"ಅಕ್ಕಾ, ನೀವು ಹೋಗ್ತೀರಂತಲ್ರಿ. ಈಕಿಂದು ಯಾರ್ ಮಾಡ್ತಾರ್ರಿ?" ಎಂದಳು ತಾಯಿ.

"ಹೊಸಾಕಿ ಬಂದಾಳ."

"ಅಕಿಗಿ ಎಲ್ಲಾ ಗೊತ್ತದೇನ್ರಿ?"

"ನಾನೇ ಕಲಿಸೀನಿ. ಎಲ್ಲಾ ಹೇಳೀನಿ."

"ಅಂವಂದಂತ ಉಳಿದಿದ್ದು ಈ ಹೊಟ್ಟ್ಯಾಗಿನ ಕೂಸೊಂದೇ ನೋಡ್ರಿ."

"ಏನೂ ಆಗಲ್ಲ. ಬ್ಯಾನಿ ಶುರು ಆತಂದ್ರ ತಡ ಮಾಡಬ್ಯಾಡ್ರಿ."

ಮಗಳು ಬುರ್ಖಾದೊಳಗಿಂದ ಕೈ ತೆಗೆದು ನನ್ನ ಮುಂಗೈ ಒಂದು ಸಲ ಒತ್ತಿದಳು. ತನಗೂ ಗೊತ್ತಿದೆ ಎಂದು ತೋರಿಸಿದ್ದು. ಆಗಲಾದರೂ ಹೇಳಬೇಕಿತ್ತು. ಹೊಸಬಳು ಪಕ್ಕದ ಖೋಲಿಯಲ್ಲೇ ಸೀಸೆ ತೊಳೆಯುತ್ತಿದ್ದಳು.

ಔರಾದದಲ್ಲಿ ಯಾರೂ ನನ್ನ ದಾರಿ ಕಾಯುತ್ತಿರಲಿಲ್ಲ. ಎಕಂಬಾದ ಒಬ್ಬ ಮುದುಕಿ ಸೂಲಗಿತ್ತಿ ಕೇಳಿದಳು, "ನೀ ಎಷ್ಟು ಹಡದಿದಿ?"

"ಒಂದೂ ಇಲ್ಲ."

"ಹಂಗಾರ ಕೂಡು. ನಾ ನಿನಗ ಕಲಿಸ್ತೀನಿ."

ಎಲ್ಲರೂ ನಕ್ಕರು. ಹೀಗೆ ಎರಡು ತಿಂಗಳು ಕಳೆದವು. ಆಮೇಲೆ ಔಷಧಿ ತರಲು ಬೀದರಿಗೆ ಹೋದೆ. ವಾರ್ಡಿಗೆ ಕಾಲಿಟ್ಟ ಕೂಡಲೇ ಹೊಸಬಳು ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಎಳೆದುಕೊಂಡು ಹೋದಳು.

"ಅಕ್ಕಾ, ನೌಬಾದದಾಕಿ ಹೋದಳ್ರಿ. ಕೂಸೂ ಹೋತು."

"ಹ್ಯಾಂಗ?"

"ಮುಂಜಾನಿ ಬಂದಳ್ರಿ. ಒಂದು ಮಾತಿಲ್ಲ. ನನ್ನ ಕೈ ಹಿಡದಾಕಿ ಬಿಡ್ಲೇ ಇಲ್ಲ. ಅಂಜ್ಯಾಳ ಅಂತ ತಿಳಕೊಂಡೆ. ಅಂಜಬ್ಯಾಡ ತಂಗಿ ಅಂತ ತಲಿ ಸವರಿದೆ. ಕೈ ಬಿಡಿಸಿಕೊಂಡು ನೀರು ತರ್ಲಾಕ ಹೋದೆ. ಡಾಕ್ಟರು ಆಚಿ ಕಡಿಂದ ಹ್ಯಾಂಗದಾಳ ಅಂದ್ರು. ಸುಮ್ನ ಮಲಗ್ಯಾಳ, ಆರಾಮದಾಳ ಅಂದೆ. ಆಮ್ಯಾಲ ನೋಡಿದ್ರ ಮೈ ತಣ್ಣಗಾಗಿತ್ತು. ರಗತ ಒಳಗೇ ಹರದಿತ್ತಂತ್ರಿ. ನಾ ಏನ್ ತಪ್ಪು ಮಾಡೀನಿ ಅಕ್ಕಾ? ನೀವರೆ ಹೇಳ್ರಿ."

"ನಿಂದೇನೂ ತಪ್ಪಿಲ್ಲ" ಅಂದೆ.

ಅದು ನಿಜ. ಉಳಿದ ನಿಜ ಬಾಯಿಂದ ಬರಲಿಲ್ಲ. ಸಾಯುವ ಹೆಂಗಸು ಹೇಳಬೇಕಾದ್ದನ್ನು ಹೇಳಿದ್ದಳು. ಹೇಳಿಯಾಯಿತು, ಇನ್ನು ಬರುತ್ತಾರೆ ಎಂದು ಕಾದಿದ್ದಳು. ಕೈಯ ಮಾತು ಈಗ ಕಲಿಸಿದರೆ, ಆಕೆ ಯಾಕೆ ಸತ್ತಳೆಂದು ಇವಳಿಗೆ ಗೊತ್ತಾಗುತ್ತದೆ. ಕಲಿಸದಿದ್ದರೆ ನಾಳೆ ಇನ್ನೊಬ್ಬಳು ಬರುತ್ತಾಳೆ. ಎರಡೂ ಗೊತ್ತಿದ್ದು ಔಷಧಿ ಕಟ್ಟಿಸಿಕೊಂಡು ಹೊರಟೆ. ಇವಳಿಗೆ ನೋವಾಗದಿರಲಿ ಅಂತ ಸುಮ್ಮನಾದೆ ಎಂದು ಬಹಳ ವರ್ಷ ಅಂದುಕೊಂಡೆ. ಸುಳ್ಳು. ಉಳಿಸಿಕೊಂಡದ್ದು ನನ್ನನ್ನು.

ಮಳೆಗಾಲದೊಳಗೆ ಹೊಸಬಳು ಕೆಲಸ ಬಿಟ್ಟು ಭಾಲ್ಕಿಗೆ ಹೋದಳು. ಕಳೆ ಕೀಳಲು ಕೂಲಿಗೆ ಹೋಗುತ್ತಾಳೆ, ಹೆರಿಗೆಗೆ ಯಾರು ಕರೆದರೂ ಬರುವುದಿಲ್ಲ ಎಂದು ಕೇಳಿದೆ. ಪರದೆಯ ಹೆಂಗಸರು ಆ ದವಾಖಾನೆಗೆ ಬರುವುದು ನಿಂತಿತು. ಮನೆಯಲ್ಲೇ ಹೆತ್ತರು, ಮನೆಯಲ್ಲೇ ಸತ್ತರು. ಡಾಕ್ಟರು ವಾಪಸು ಬಾ ಎಂದು ಎರಡು ಸಲ ಹೇಳಿ ಕಳಿಸಿದರು. ಹೋಗಲಿಲ್ಲ.

ಔರಾದದ ಬಸ್ಸು ನೌಬಾದದಲ್ಲಿ ನಿಲ್ಲುತ್ತಿತ್ತು. ಆ ತಾಯಿ ಒಮ್ಮೆಯೂ ಹತ್ತಲಿಲ್ಲ. ಆದರೂ ಬಸ್ಸು ಬಿಡುವ ತನಕ ನಾನು ಸೆರಗು ಎಳೆದು ಮುಖ ಮುಚ್ಚಿಕೊಂಡೇ ಕೂಡುತ್ತಿದ್ದೆ.