ಮೀನೆಣ್ಣೆ ಹಚ್ಚಿದ ಯುದ್ಧಹಡಗು

ನಮ್ಮ ರೂಮಿನವನೊಬ್ಬ ಮಂಡಿನೋವಿಗೆಂದು ಊರಿನಿಂದ ಮೀನೆಣ್ಣೆ ತಂದಿದ್ದಾನೆ. ಮುಚ್ಚಳ ತೆಗೆದ ಕೂಡಲೇ ಆ ಮೇಸ್ತ್ರಿ ನೆನಪಾದ. ಇಷ್ಟು ವರ್ಷವಾದರೂ ಸಿಟ್ಟು ಇಳಿದಿಲ್ಲ.

ಸಲ್ವಾದಲ್ಲಿ ಕಫೀಲನ, ಅಂದರೆ ನಮಗೆ ವೀಸಾ ಕೊಟ್ಟು ಕರೆಸಿದ ಅರಬ್ಬಿ ಧಣಿಯ, ಮನೆಯ ಹಿಂದೆ ಒಂದು ಶೆಡ್. ಶೋಕೇಸಿನಲ್ಲಿಡುವ ಮರದ ಹಡಗುಗಳನ್ನು ಅಲ್ಲಿ ಮಾಡುತ್ತಿದ್ದೆವು. ಬಡಗಿಗಳು ನಾವಿಬ್ಬರೇ. ಮೇಸ್ತ್ರಿ ನಮ್ಮ ಕರಾವಳಿಯವನೇ, ಊರಲ್ಲಿ ಮೀನಿನ ದೋಣಿ ಕಟ್ಟಿ ಬಂದವನು. ನಕ್ಷೆ ನೋಡುತ್ತಿರಲಿಲ್ಲ. ಒಂದು ದಾರ ಹಿಡಿದು ಕಣ್ಣಳತೆಯಲ್ಲೇ ಹಲಗೆ ಬಗ್ಗಿಸುತ್ತಿದ್ದ. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು.

ಅಹ್ಮದಿಯ ಇಂಗ್ಲಿಷ್ ಎಂಜಿನಿಯರ್ ಒಬ್ಬ ಹಳೇ ಕಾಲದ ಯುದ್ಧಹಡಗೊಂದನ್ನು ಮಾಡಿಕೊಡಲು ಹೇಳಿದ. ಅವನ ಮುತ್ತಜ್ಜ ಅದರಲ್ಲಿ ಕೆಲಸಕ್ಕಿದ್ದನಂತೆ. ಬಂದಾಗಲೆಲ್ಲ ಮೇಸ್ತ್ರಿ ಕೇಳುತ್ತಿದ್ದ, "ಫಿರ್ ಕ್ಯಾ ಹುವಾ, ಸಾಬ್?" ಎಂಜಿನಿಯರ್ ಹರಕು ಹಿಂದಿಯಲ್ಲಿ ಹೇಳುತ್ತಿದ್ದ. ಬೊಂಬಾಯಿಯಲ್ಲಿ ಸಾಗುವಾನಿಯಿಂದ ಕಟ್ಟಿದ್ದು. ಚೀನಾ ಕಡೆ ಯುದ್ಧಕ್ಕೆ ಹೋಯಿತು. ಆಮೇಲೆ ಆಫ್ರಿಕಾ ಕಡೆ ಗುಲಾಮರನ್ನು ಸಾಗಿಸುವ ಹಡಗುಗಳನ್ನು ಹಿಡಿಯಿತು. ಮುದಿಯಾದ ಮೇಲೆ ಫಿರಂಗಿ ಇಳಿಸಿ, ಬಂದರಿನಲ್ಲಿ ಕಟ್ಟಿಹಾಕಿ, ಒಳಗೆ ಕೈದಿಗಳನ್ನು ತುಂಬಿದರು. ಕೊನೆಗೆ ಒಡೆದು ಮರ ಮಾರಿದರು.

"ಅಷ್ಟು ದುಡಿದದ್ದನ್ನು ಒಡೆಯುವುದಾ? ಎಂಥ ಜನ ಮಾರಾಯ ಇವರು." ನಾನೇ ಒಡೆದವನ ಹಾಗೆ ಮೇಸ್ತ್ರಿ ನನ್ನ ಮೇಲೆ ರೇಗಿದ.

ನಾನು ಮಾಡಿದ ಫಿರಂಗಿಗಳು ಎಂಜಿನಿಯರನಿಗೆ ಹಿಡಿಸಿದವು. ಅಹ್ಮದಿಯ ಕಂಪನಿಯಲ್ಲಿ ಬಡಗಿ ಕೆಲಸ ಕೊಡಿಸುತ್ತೇನೆಂದ. ಬೇರೆ ಕಡೆ ಸೇರಿಕೊಳ್ಳಲು ಕಫೀಲ್ ರಿಲೀಸ್ ಕಾಗದ ಕೊಟ್ಟರೆ ಸಾಕಿತ್ತು. ಹಡಗು ಮುಗಿಯಲಿ, ಕೊಡುತ್ತೇನೆ ಎಂದಿದ್ದ ಕಫೀಲ್.

ಕೊನೆಯ ದಿನ ಮರಕ್ಕೆ ಹಚ್ಚಲು ಮೇಸ್ತ್ರಿ ಮೀನೆಣ್ಣೆಯ ಡಬ್ಬ ತೆಗೆದ.

"ಬೇಡ ಮೇಸ್ತ್ರಿ. ಇದು ಗಾಜಿನ ಪೆಟ್ಟಿಗೆಯೊಳಗೆ ಇಡುವುದು."

"ನೀನು ಎಷ್ಟು ದೋಣಿ ನೀರಿಗೆ ಇಳಿಸಿದ್ದೀ? ಎಣ್ಣೆ ಕುಡಿಸದಿದ್ರೆ ಅದು ಹಡಗಾ?"

ವಾರದಲ್ಲಿ ಎಂಜಿನಿಯರ್ ಹಡಗನ್ನು ವಾಪಸು ತಂದ. ಗಾಜಿನ ಪೆಟ್ಟಿಗೆ ತೆರೆದರೆ ಶೆಡ್ಡಿಗೆಲ್ಲ ಒಣಮೀನಿನ ಗಬ್ಬು. ಯಾರು ಮಾಡಿದ್ದು ಎಂದು ಕಫೀಲ್ ಕೇಳಿದ. ಮೇಸ್ತ್ರಿ ನನ್ನ ಮುಖ ನೋಡದೆ ನನ್ನ ಕಡೆ ಕೈ ತೋರಿಸಿದ. ನಾನು ಅಲ್ಲ ಎಂದೆ. ಯಾರು ಕೇಳುತ್ತಾರೆ...

"ರಿಲೀಸ್ ಖಲಾಸ್," ಎಂದ ಕಫೀಲ್.

"ಯಾಕೆ ನನ್ನನ್ನು ತೋರಿಸಿದ್ದು?" ಸಂಜೆ ಕೇಳಿದೆ.

"ನಿಂಗೆ ಪ್ರಾಯ ಉಂಟು, ಬೇರೆ ಕೆಲಸ ಸಿಗ್ತದೆ. ನನ್ನನ್ನು ಊರಿಗೆ ಕಳಿಸಿದ್ರೆ ಈ ಪ್ರಾಯದಲ್ಲಿ ಯಾರು ಕರೀತಾರೆ?"

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ. ಹೇಳಿದ್ದು ನಿಜ, ಅದಕ್ಕೇ ಇನ್ನೂ ಸಿಟ್ಟು ಬಂತು.

ಅವತ್ತಿನಿಂದ ಮಾತು ಬಿಟ್ಟೆ. ಮುಂದಿನ ಹಡಗಿನ ಮೂತಿಯ ಹಲಗೆ ಬಗ್ಗಿಸುವಾಗ ಎರಡು ಸಲ ಕರೆದ, "ಬಾ, ನೋಡಿ ಕಲಿ." ಕೇಳಿಸಿತು. ಏಳಲಿಲ್ಲ.

ಮರುವರ್ಷ ಶೆಡ್ ಮುಚ್ಚಿತು. ಕಫೀಲ್ ನನ್ನನ್ನು ಬೇರೆ ಕಫೀಲನಿಗೆ ಬಿಟ್ಟುಕೊಟ್ಟ, ಮೇಸ್ತ್ರಿಯನ್ನು ಊರಿಗೆ ಕಳಿಸಿದ. ಅವನು ಸತ್ತ ಸುದ್ದಿ ಬಂದಾಗ ನಾನು ಊಟ ಮಾಡುತ್ತಿದ್ದೆ. ಊಟ ಮುಗಿಸಿದೆ.

ಈಗ ಅಬು ಹಲೀಫಾದಲ್ಲಿ ಅಡುಗೆಮನೆ ಕಪಾಟು ಕೂರಿಸುತ್ತೇನೆ. ಮೇಲಿನ ಮನೆಯವರು ಮಗುವಿಗೆ ಒಂದು ಹಡಗು ಮಾಡಿಕೊಡು ಎಂದಿದ್ದಾರೆ. ಮೂತಿಯ ಹಲಗೆ ಮೂರು ಸಲ ಸೀಳಿತು. ನೀರಲ್ಲಿ ನೆನೆಸಿದೆ, ಬಿಸಿ ಮಾಡಿದೆ... ಎಷ್ಟು ಬಿಸಿ, ಎಷ್ಟು ಹೊತ್ತು, ಅದು ಅವನಿಗೆ ಗೊತ್ತಿತ್ತು. ಅವನನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ. ಆದರೆ ಅವನು ಕರೆದ ಆ ಎರಡು ಸಲ ಎದ್ದು ಹೋಗಬೇಕಿತ್ತು.