‘ಶಿಥಿಲ’ ಎಂದು ಬರೆದುಕೊಟ್ಟವನು

ನನಗೆ ಸುಮ್ಮನೆ ಕೂರುವುದು ಹುಟ್ಟಿನಿಂದಲೂ ಬಂದಿಲ್ಲ. ರಿಟೈರಾದ ಮೇಲಂತೂ ಸರಸ್ವತಿಪುರಂನ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ, ಸ್ಕೂಟರ್ ಹತ್ತಿ ಕೆಸರೆಗೆ ಹೋಗಿಬಿಡುತ್ತೇನೆ. ನಾನು ಅಕ್ಷರ ಕಲಿತ ಶಾಲೆ ಅಲ್ಲಿ ಇನ್ನೂ ನಡೆಯುತ್ತಿದೆ. ಮಹಾರಾಜರ ಕಾಲದ್ದು, ಒಂದೇ ಕೋಣೆ, ಸುಣ್ಣದ ಗಾರೆಯ ದಪ್ಪ ಗೋಡೆ, ನಾಡಹೆಂಚು. ಇಡೀ ಶಾಲೆಗೆ ಒಬ್ಬರೇ ಮೇಡಂ.

ಹೋದ ಮಳೆಗಾಲದಲ್ಲಿ ಆ ಮೇಡಂ, “ಎರಡು ಕಡೆ ಸೋರ್ತಾ ಅದೆ ಸಾರ್. ಒಡೆದ ಹೆಂಚು ಬದಲಾಯಿಸಿ ಕೈಯಾಡಿಸಿಕೊಟ್ರೆ ಸಾಕು, ನೀವೊಂದು ಅರ್ಜಿ ಬರ್ಕೊಡಿ” ಎಂದರು.

ಎರಡು ಕಡೆ ಸೋರುತ್ತದೆ ಎಂದು ಬರೆದರೆ ಯಾವ ಆಫೀಸಿಗೆ ಬಿಸಿ ತಟ್ಟುತ್ತದೆ? ‘ಕಟ್ಟಡವು ತೀರಾ ಶಿಥಿಲವಾಗಿದ್ದು, ಯಾವ ಕ್ಷಣದಲ್ಲಾದರೂ ಕುಸಿಯಬಹುದು’ ಎಂದು ಬರೆದೆ. ಬರೆದು ಮೂರು ಸಲ ಓದಿಕೊಂಡೆ. ಜಂಬ ಬೇರೆ.

ಎರಡು ತಿಂಗಳಿಗೆ ಮೇಡಂ ಫೋನು ಬಂತು. ಅಳುತ್ತಿದ್ದರು. ಯಾರೋ ಇಬ್ಬರು ಬಂದು ಅಳತೆ ಹಿಡಿದು, ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ಶಾಲೆ ಕೆಡವುವುದು, ಮಕ್ಕಳು ದೊಡ್ಡ ರಸ್ತೆ ದಾಟಿ ಬೇರೆ ಶಾಲೆಗೆ ಹೋಗುವುದು ಎಂದು ಅದರಲ್ಲಿತ್ತಂತೆ.

ಊಟ ಬಿಟ್ಟು ಎದ್ದೆ. ಅರ್ಜಿ ಕೊಟ್ಟಿದ್ದ ಆಫೀಸಿನಲ್ಲಿ ಇಂಜಿನಿಯರ್ ಸಾವಧಾನವಾಗಿ ಫೈಲು ತೆಗೆದು ನನ್ನ ಅರ್ಜಿಯನ್ನೇ ನನ್ನ ಮುಂದಿಟ್ಟರು.

“ನಮ್ಮಲ್ಲಿ ಶಿಥಿಲ ಅಂದ್ರೆ ಕೆಡವೋ ಲಿಸ್ಟು ಸಾರ್. ರಿಪೇರಿ ಬೇಕಿದ್ರೆ ದುರಸ್ತಿ ಅಂತ ಬರೀಬೇಕಿತ್ತು.”

“ಅದು ಸುಮ್ನೆ ಜೋರಾಗಿರ್ಲಿ ಅಂತ ಬರ್ದಿದ್ದು ಕಣ್ರೀ!”

“ಹಂಗಾದ್ರೆ ಮಕ್ಕಳನ್ನ ಕೂರಿಸೋಕೆ ಕಟ್ಟಡ ಭದ್ರವಾಗಿದೆ ಅಂತ ಬರ್ದು ಸೈನ್ ಹಾಕಿ. ಕೆಡವೋದು ನಿಲ್ಲಿಸ್ತೀನಿ, ಆಮೇಲೆ ನಾನೇ ಬಂದು ನೋಡ್ತೀನಿ.”

ಒಂದು ಪದಕ್ಕೆ ಇಷ್ಟೆಲ್ಲ ರಾದ್ಧಾಂತವೇ ಎಂದು ಮೈ ಉರಿಯಿತು. ಉರಿದದ್ದು ಅವರ ಮೇಲಲ್ಲ, ನನ್ನ ಮೇಲೆಯೇ. ಅಲ್ಲೇ ಕೂತು ಬರೆದೆ. ಸಹಿ ಮಾಡುವ ಮೊದಲು ಯಾಕೋ ಒಮ್ಮೆ ನೋಡಿಬಿಡೋಣ ಅನ್ನಿಸಿ, ಕಾಗದ ಜೇಬಿಗಿಟ್ಟು ನೇರ ಕೆಸರೆಗೆ ಹೋದೆ.

ಮಕ್ಕಳು ಮಗ್ಗಿ ಹೇಳುತ್ತಿದ್ದರು. ನಾನು ಗೋಡೆ ತಳ್ಳಿ ನೋಡಿದೆ, ಗಟ್ಟಿಯಿತ್ತು. ಮೂಲೆಯಲ್ಲಿದ್ದ ಕೋಲು ತೆಗೆದು ತೊಲೆಗೆ ಬಡಿದೆ. ಹಿಡಿಯಷ್ಟು ಪುಡಿ ಉದುರಿತು. ಗೆದ್ದಲೋ, ಬರೀ ಹಳೆಯ ಧೂಳೋ ತಿಳಿಯಲಿಲ್ಲ. ಇನ್ನೊಂದು ಕಡೆ ಬಡಿಯಲು ಧೈರ್ಯ ಬರಲಿಲ್ಲ.

ಮೇಡಂ ಹತ್ತಿರ ಬಂದಾಗ ಜೇಬಿನ ಕಾಗದ ತೆಗೆದು ತೋರಿಸಿದೆ. ಅವರು ಓದಿ, ಮಕ್ಕಳಿಗೆ ಕೇಳಿಸದಂತೆ ಹೇಳಿದರು: “ಅವತ್ತು ಬೀಳ್ತದೆ ಅಂತ ಬರ್ದ್ರಿ. ಇವತ್ತು ಬೀಳಲ್ಲ ಅಂತ ಬರ್ದಿದ್ದೀರಿ. ಯಾವುದು ನಿಜ, ಹೇಳ್ಬುಡಿ ಸಾರ್.”

“ಗೊತ್ತಿಲ್ಲ ಕಣಮ್ಮ” ಎಂದೆ.

ಅವರು ಮಕ್ಕಳನ್ನೆಲ್ಲ ಎಬ್ಬಿಸಿ, ಚಾಪೆ ಸುತ್ತಿಸಿ, ಹೊರಗೆ ಬೇವಿನ ಮರದಡಿ ಕೂರಿಸಿದರು. ಸಹಿಯಿಲ್ಲದ ಕಾಗದ ಹಿಡಿದು ನಾನೊಬ್ಬನೇ ಒಳಗೆ ನಿಂತಿದ್ದೆ.